ಕಣ್ಣು ತೆರೆದೇ ಇದೆ, ಮಗಳೇ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಗೊಮ್ಮಟನ ಮೇಲೆ ನೀನು ಬರೆದ ಪ್ರಬಂಧ, ಅದರ ಜೊತೆಗಿದ್ದ ಪತ್ರ ಎರಡೂ ತಲುಪಿದವು. ಮೂರು ಪತ್ರಿಕೆಯವರು ವಾಪಸ್ ಕಳಿಸಿದರು, ನನಗೆ ಭಾಷೆ ಸಾಲದು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಎಂದಿದ್ದೀಯ. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಶ್ರವಣಬೆಳಗೊಳದ ಮಾತಷ್ಟೇ ಆಡುತ್ತೇನೆ.

ಎಂಟು ಪುಟದಲ್ಲಿ ‘ಮೌನ’ 14 ಸಲ ಬಂದಿದೆ. ‘ದಿವ್ಯ’ 9 ಸಲ. ‘ಮೂಕವಿಸ್ಮಿತಳಾದೆ’ ಮೂರು ಕಡೆ. ಎಣಿಸುತ್ತಾ ಎಣಿಸುತ್ತಾ ಸಿಟ್ಟೇ ಬಂತು. ಗೊಮ್ಮಟನ ಮುಂದೆ ನಿಂತವರಿಗೆಲ್ಲ ಮೌನ ಅನ್ನಿಸುತ್ತದೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳೂ ಒಂದು ಗಳಿಗೆ ಗಲಾಟೆ ನಿಲ್ಲಿಸುತ್ತಾರೆ. ಆ ಮೌನ ಕಲ್ಲಿನಲ್ಲಿ ಎಲ್ಲಿದೆ? ನೀನು ಹುಡುಕಲೇ ಇಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಕಾಲ ಪಕ್ಕದಲ್ಲಿ ಹುತ್ತ. ಹುತ್ತದಿಂದ ಹಾವುಗಳು ತಲೆ ಹೊರಗಿಟ್ಟಿವೆ. ಮಾಧವಿ ಬಳ್ಳಿ ಕಾಲನ್ನು ಸುತ್ತಿ, ತೊಡೆಯೇರಿ, ತೋಳಿಗೆ ಹಬ್ಬಿದೆ. ಹುತ್ತ ಬೆಳೆದಿದೆ, ಬಳ್ಳಿ ಬೆಳೆದಿದೆ, ನಿಂತವನು ಮಾತ್ರ ಅಲುಗಿಲ್ಲ. ಎಷ್ಟು ಕಾಲದಿಂದ ನಿಂತಿದ್ದಾನೆ ಅನ್ನುವುದನ್ನು ಶಿಲ್ಪಿ ಹೇಳಿರುವುದು ಹೀಗೆ. ಆ ಬಳ್ಳಿ ಮೇಲ್ತೋಳಿನ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದಾಚೆ ಎದೆ. ಅಷ್ಟಗಲದ ಎದೆಯ ಮೇಲೆ ಒಡವೆಯಿಲ್ಲ, ಎಲೆಯಿಲ್ಲ, ಬರೀ ನುಣುಪು ಕಲ್ಲು. ಬಳ್ಳಿ ಹಿಡಿದು ಹತ್ತಿ ಬಂದ ಕಣ್ಣು ಅಲ್ಲಿ ಹಿಡಿಯಲು ಏನೂ ಸಿಗದೆ ಸುಮ್ಮನಾಗುತ್ತದೆ. ಆಮೇಲೆ ಮುಖ. ನೀನು 14 ಸಲ ಬರೆದ ಮೌನ ಆ ಖಾಲಿ ಎದೆಯಲ್ಲಿದೆ, ಮಗಳೇ. ಹಳೇಬೀಡಿನ ಗೋಡೆ ನೆನಪು ಮಾಡಿಕೋ. ಅಲ್ಲಿ ಗೇಣು ಜಾಗ ಬಿಟ್ಟಿಲ್ಲ, ಅದಕ್ಕೇ ಅಲ್ಲಿ ಹುಟ್ಟುವುದು ಸಂಭ್ರಮ.

ಮಂಡಿಯಿಂದ ಕೆಳಗೆ ಕಾಲು ಗಿಡ್ಡವಾಯಿತು, ಅದು ಕುಂದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 58 ಅಡಿಯ ಮೈಭಾರವೆಲ್ಲ ಆ ಗಿಡ್ಡ ಕಾಲಿನಲ್ಲಿ ಇಳಿದು ಬೆಟ್ಟದೊಳಗೆ ಬೇರುಬಿಟ್ಟ ಹಾಗಿದೆ. ತೊಡೆಯಿಂದ ಮೇಲಕ್ಕೆ ಬೇರೆ ಆಸರೆಯೇ ಇಲ್ಲವಲ್ಲ.

981ರ ಸುಮಾರಿಗೆ ಅಷ್ಟು ದೊಡ್ಡ ಮೂರ್ತಿ ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯ ಪಾದದ ಬಳಿ ಏನು ಬರೆಸಿದ ಗೊತ್ತೇ? ‘ಶ್ರೀ ಚಾವುಂಡರಾಜಂ ಮಾಡಿಸಿದಂ.’ ಅಷ್ಟೇ. ಒಂದು ವಿಶೇಷಣವಿಲ್ಲ. ಇನ್ನೂರು ವರ್ಷದ ಮೇಲೆ ಕವಿ ಬೊಪ್ಪಣ ಪಂಡಿತ ಹೊಗಳಿ ಪದ್ಯ ಬರೆದ, ಅದೂ ಅಲ್ಲೇ ಶಾಸನದಲ್ಲಿದೆ. ಆದರೆ ಹೊಗಳುವ ಮೊದಲು ಅವನು ಅನುಮಾನ ಪಡುತ್ತಾನೆ: ತುಂಬಾ ಎತ್ತರವಾದರೆ ಚೆಲುವು ಇರದು, ಎತ್ತರವೂ ಚೆಲುವೂ ಕೂಡಿದರೆ ಅತಿಶಯ ಇರದು. ಹೀಗೆ ಒಂದೊಂದನ್ನೂ ತೂಗಿ ನೋಡಿ, ಇಲ್ಲಿ ಮೂರೂ ಇವೆಯಲ್ಲ ಅನ್ನುತ್ತಾನೆ. ಆ ಹೊಗಳಿಕೆಗೆ ಬೆಲೆಯಿದೆ.

ಈಗ ನನ್ನ ತಪ್ಪು. ಇಪ್ಪತ್ತಾರರ ವಯಸ್ಸಿನಲ್ಲಿ ನಾನೂ ಗೊಮ್ಮಟನ ಮೇಲೆ ಪ್ರಬಂಧ ಬರೆದೆ. ‘ಕಣ್ಣು ಮುಚ್ಚಿ ಲೋಕವನ್ನೇ ಮರೆತ ಯೋಗಿ’ ಅಂತ ಅದರ ಕೊನೆಯ ಸಾಲು. ಬಹುಮಾನ ಬಂತು. ವೇದಿಕೆಯ ಮೇಲೆ ಹಿರಿಯರೊಬ್ಬರು ಆ ಸಾಲನ್ನೇ ಎರಡು ಸಲ ಓದಿದರು, ಸಭೆ ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷ ಕಳೆದು ಒಂದು ಬೆಳಿಗ್ಗೆ ಮತ್ತೆ ಬೆಟ್ಟ ಹತ್ತಿದೆ. ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ, ಎಳೆ ಬಿಸಿಲು ಪೂರ್ವದಿಂದ ಬಲಗೆನ್ನೆಗೆ ಓರೆಯಾಗಿ ಬಿದ್ದಿತ್ತು. ರೆಪ್ಪೆಯ ನೆರಳು ಕಣ್ಣುಗುಡ್ಡೆಯ ಮೇಲಿತ್ತು. ಕಣ್ಣು ತೆರೆದಿದೆ! ಲೋಕವನ್ನು ಮರೆತವನಲ್ಲ, ನೋಡುತ್ತಲೇ ನಿಂತವನು. ನನ್ನ ಇಡೀ ಪ್ರಬಂಧ ಅಲ್ಲೇ ಕುಸಿಯಿತು.

ಅಷ್ಟು ಹೊತ್ತಿಗೆ ಆ ಪ್ರಬಂಧವಿದ್ದ ಪುಸ್ತಕ ಮೂರನೇ ಮುದ್ರಣ ಕಂಡಿತ್ತು. ತಿದ್ದಬಹುದಿತ್ತು. ತಿದ್ದಲಿಲ್ಲ, ಚಪ್ಪಾಳೆ ಬಿದ್ದ ಸಾಲನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಬಾರದಿತ್ತೇ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಿನ್ನ ಬರಹ ಮೂರು ಕಡೆಯಿಂದ ವಾಪಸ್ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಅಚ್ಚಾಗಿ ಯಾರಾದರೂ ಹೊಗಳಿದ್ದರೆ ನೀನೂ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ.

ಭಾಷೆ ಸಾಲದು ಅನ್ನಬೇಡ. ಆರನೇ ಪುಟದಲ್ಲಿ ಒಂದು ಸಾಲು ಹೊಡೆದುಹಾಕಿ ಅದರ ಮೇಲೆ ‘ದಿವ್ಯ ಮೌನ’ ಅಂತ ಬರೆದಿದ್ದೀಯ. ಹಾಳೆಯನ್ನು ದೀಪಕ್ಕೆ ಹಿಡಿದು ಅಡಿಯಲ್ಲಿದ್ದದ್ದನ್ನು ಓದಿದೆ: ‘ಬಳ್ಳಿ ತೋಳಿನವರೆಗೆ ಬಂದು, ಮುಂದಕ್ಕೆ ಅಪ್ಪಣೆಯಿಲ್ಲವೆಂಬಂತೆ ನಿಂತಿತ್ತು.’ ನೋಡಿದ್ದೀಯ ಕಣಮ್ಮ! ಕಣ್ಣಾರೆ ನೋಡಿ, ಕೈಯಾರೆ ಅಳಿಸಿದ್ದೀಯ. ಯಾರಿಗೆ ಹೆದರಿ ಅಳಿಸಿದೆ?

ಪ್ರಬಂಧ ವಾಪಸ್ ಕಳಿಸುತ್ತಿದ್ದೇನೆ. ಆ ಸಾಲಿನ ಪಕ್ಕದಲ್ಲಿ ಬಿಟ್ಟು ಇನ್ನೆಲ್ಲೂ ಪೆನ್ಸಿಲ್ ಮುಟ್ಟಿಸಿಲ್ಲ. ಮತ್ತೊಮ್ಮೆ ಹೋಗಿ ಬಾ. ಬಿಸಿಲೇರುವ ಮೊದಲೇ ಹತ್ತು, ಆಮೇಲೆ ಬರಿಗಾಲಿಗೆ ಬಂಡೆ ಸುಡುತ್ತದೆ. ಸುತ್ತಾಲಯದಲ್ಲಿ ಹಿಂದಕ್ಕೂ ಹೋಗಿ, ಬೆನ್ನನ್ನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡು. ನಾನು ಪ್ರತಿ ಸಲವೂ ಮುಖವನ್ನೇ ನೋಡಿ ಇಳಿದು ಬಂದೆ, ಈಗ ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ. ಅಲ್ಲಿ ಏನಿದೆ ಅಂತ ನನಗೆ ಬರೆ.

ನಿನ್ನ ಪತ್ರದ ದಾರಿ ನೋಡುತ್ತಿರುತ್ತೇನೆ.