ಟೈಗರ್ ತೊಟ್ಟಿದ್ದ ಕೆಂಪು ಅಂಗಿ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಆಟದ ವರ್ಣನೆ ಕಣ್ಣಿಗೆ ಕಟ್ಟುವ ಹಾಗಿದೆ. ಆದರೆ ಎರಡನೇ ಪ್ಯಾರಾ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಯಾಟ್ರಿಕ್ ಮಹೋಮ್ಸ್ ಅವರ ತಾಯಿ ಬಿಳಿಯರು, ಹಾಗಾಗಿ ಅವರು ಅರ್ಧ ಮಾತ್ರ ಕಪ್ಪು, ಇಬ್ಬರು ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್‌ಗಳು ಎದುರಾದ ಮೊದಲ ಸೂಪರ್ ಬೌಲ್ (ಆ ಆಟದ ವರ್ಷದ ಅಂತಿಮ ಪಂದ್ಯ) ಎಂಬ ದಾಖಲೆಯೇ ಸುಳ್ಳು ಎಂದು ಬರೆದಿದ್ದೀಯ. ಅಚ್ಚಿಗೆ ಹೋಗುವ ಮುಂಚೆ ನನಗೆ ತೋರಿಸಿದ್ದು ಒಳ್ಳೆಯದಾಯಿತು.

2023ರ ಫೆಬ್ರುವರಿಯಲ್ಲಿ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್ ಎದುರುಬದುರಾದಾಗ ಜನ ಎಣಿಸಿದ್ದು ರಕ್ತದ ಪಾಲನ್ನಲ್ಲ. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆದು ಆಟ ನಡೆಸುವವನು, ತಂಡದ ಮಿದುಳಿದ್ದ ಹಾಗೆ. ಕಾಲೇಜಿನಲ್ಲಿ ಆ ಜಾಗದಲ್ಲಿ ಮಿಂಚಿದ ಎಷ್ಟೋ ಕಪ್ಪು ಹುಡುಗರನ್ನು ವೃತ್ತಿಪರ ತಂಡಗಳು ದಶಕಗಳ ಕಾಲ ಬೇರೆ ಜಾಗಕ್ಕೆ ತಳ್ಳಿದವು. ಇವರಿಗೆ ಓಡುವ ಕಾಲಿದೆ, ಯೋಚಿಸುವ ತಲೆಯಿಲ್ಲ ಎಂಬ ತಾತ್ಸಾರ ಅದರ ಹಿಂದಿತ್ತು. ಕಪ್ಪುವರ್ಣೀಯ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್ ಸೂಪರ್ ಬೌಲ್ ಗೆದ್ದು ಆ ಮಾತಿಗೆ ಉತ್ತರ ಕೊಟ್ಟದ್ದು 1988ರಲ್ಲಿ. ಬಾಗಿಲು ಮುಚ್ಚಿದವರು ಯಾರ ತಾಯಿ ಯಾವ ಬಣ್ಣ ಎಂದು ವಿಚಾರಿಸಿ ಮುಚ್ಚಿರಲಿಲ್ಲ. ವರ್ಜೀನಿಯಾ ರಾಜ್ಯದ 1924ರ ಕಾನೂನಿನ ಪ್ರಕಾರ ಕಪ್ಪು ರಕ್ತದ ಒಂದು ಹನಿ ಇದ್ದರೂ ಅವನು ಬಿಳಿಯನಲ್ಲ. ಅಲ್ಲಿ ಬಿಳಿಯರು ಕಪ್ಪುವರ್ಣೀಯರನ್ನು ಮದುವೆಯಾಗುವಂತೆಯೂ ಇರಲಿಲ್ಲ. ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿದ್ದು 1967ರಲ್ಲಿ. ಹೊರಗಿಡುವಾಗ ಒಂದು ಹನಿ ಸಾಕಾಗಿತ್ತು, ಈಗ ಗೌರವ ಕೊಡುವಾಗ ಅರ್ಧವೂ ಸಾಲದು ಎನ್ನುವುದು ಯಾವ ನ್ಯಾಯ, ನೀನೇ ಹೇಳು.

ಆದರೆ ಇದೇ ವಾದವನ್ನು ಹಿಡಿದು ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. 1997ರ ಏಪ್ರಿಲ್. ನಾನಾಗ ಪತ್ರಿಕೆಯೊಂದರ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದೆ. ಇಪ್ಪತ್ತೊಂದು ವರ್ಷದ ಟೈಗರ್ ವುಡ್ಸ್ ಅಮೆರಿಕದ ಅಗಸ್ಟಾ ಗಾಲ್ಫ್ ಕ್ಲಬ್ಬಿನಲ್ಲಿ 12 ಸ್ಟ್ರೋಕ್‌ಗಳ (ಹೊಡೆತಗಳ) ಅಂತರದಿಂದ ಮಾಸ್ಟರ್ಸ್ ಪಂದ್ಯಾವಳಿ ಗೆದ್ದರು. ಆ ಕ್ಲಬ್ಬು ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡದ್ದೇ 1990ರಲ್ಲಿ. ತಂದೆ ಅರ್ಲ್ ಅವರನ್ನು ಮಗ ತಬ್ಬಿಕೊಂಡ ಚಿತ್ರವನ್ನು ದೊಡ್ಡದಾಗಿ ಹಾಕಿ, ಮೊದಲ ಕಪ್ಪು ಚಾಂಪಿಯನ್ ಎಂದು ತಲೆಬರಹ ಕೊಟ್ಟೆ. ಅದೇ ತಿಂಗಳು ಓಪ್ರಾ ವಿನ್‌ಫ್ರೇ ಅವರ ಕಾರ್ಯಕ್ರಮದಲ್ಲಿ ಟೈಗರ್, ಚಿಕ್ಕಂದಿನಲ್ಲಿ ತಾನೇ ಕಟ್ಟಿಕೊಂಡ ಒಂದು ಹೆಸರನ್ನು ಹೇಳಿದರು: ಕ್ಯಾಬ್ಲಿನೇಷಿಯನ್. ಬಿಳಿಯ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯನ್ ಎಲ್ಲವೂ ಸೇರಿದ ಪದ ಅದು. ತಂದೆಯ ಜನಾಂಗದ ಬಗ್ಗೆ ಇವನಿಗೆ ನಾಚಿಕೆ ಎಂದು ನಾನು ಕಚೇರಿಯಲ್ಲಿ ದನಿಯೆತ್ತಿ ಹೇಳಿದ್ದೆ. ಹಾಗೆ ಅಂದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮಾಸ್ಟರ್ಸ್ ಗೆದ್ದ ಆ ಭಾನುವಾರ ಟೈಗರ್ ತೊಟ್ಟಿದ್ದು ಕೆಂಪು ಅಂಗಿ. ಕೆಂಪು ನಿನಗೆ ಬಲ ಕೊಡುವ ಬಣ್ಣ ಎಂದು ನಂಬಿ ಹೇಳಿದವರು ತಾಯಿ ಕುಲ್ತಿದಾ, ಥಾಯ್ಲೆಂಡಿನವರು, ಬೌದ್ಧರು. ತಂದೆಯ ಅಪ್ಪುಗೆಯನ್ನು ಪುಟದ ತುಂಬ ಹಾಕಿದ ನಾನು, ಆ ಅಂಗಿಯಲ್ಲಿ ತಾಯಿ ಇದ್ದುದನ್ನು ಕಾಣಲಿಲ್ಲ. ಕಪ್ಪು ಎಂಬ ಒಂದೇ ಪದ ಒಪ್ಪಿಕೊಂಡರೆ ಆ ಮಗ ಹೆತ್ತವಳನ್ನು ಪಕ್ಕಕ್ಕೆ ಸರಿಸಬೇಕಿತ್ತು. ಆಗ ಅಮೆರಿಕದ ಜನಗಣತಿಯಲ್ಲೂ ಒಂದೇ ಜನಾಂಗಕ್ಕೆ ಗುರುತು ಹಾಕಬೇಕಿತ್ತು. ಒಂದಕ್ಕಿಂತ ಹೆಚ್ಚು ಆರಿಸಿಕೊಳ್ಳುವ ಅವಕಾಶ ಬಂದದ್ದು 2000ದಲ್ಲಿ. ಇಷ್ಟಾದರೂ, ಅವರು ಗೆದ್ದ ದಿನವೇ ಹಿರಿಯ ಗಾಲ್ಫ್ ಆಟಗಾರರೊಬ್ಬರು ಚಾಂಪಿಯನ್ನರ ಔತಣಕ್ಕೆ ಕರಿದ ಕೋಳಿ (ಅಮೆರಿಕದಲ್ಲಿ ಕಪ್ಪುವರ್ಣೀಯರನ್ನು ಅಣಕಿಸಲು ಎತ್ತುವ ತಿನಿಸು) ಬಡಿಸಬೇಡಿ ಎಂದು ಹಂಗಿಸಿದ್ದು ಅವರನ್ನು ಕಪ್ಪು ಹುಡುಗ ಎಂದೇ ಎಣಿಸಿ. ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಒಂದು, ಲೋಕ ಹಚ್ಚುವ ಹೆಸರು ಇನ್ನೊಂದು. ವರದಿಗಾರನಾದವನು ಎರಡನ್ನೂ ಬರೆಯಬೇಕು, ಯಾವುದು ಯಾರದು ಎಂದು ಹೇಳಿ ಬರೆಯಬೇಕು.

ಪದಗಳ ಬಗ್ಗೆಯೂ ಒಂದು ಮಾತು. ಲೇಖನದಲ್ಲಿ ಒಂದು ಕಡೆ 'ಮಿಶ್ರತಳಿಯ ಆಟಗಾರ' ಎಂದು ಬರೆದಿದ್ದೀಯ. ತಳಿ ಎನ್ನುವುದು ಹಸುವಿಗೆ, ಬಿತ್ತನೆ ಬೀಜಕ್ಕೆ ಹೇಳುವ ಮಾತು, ಮನುಷ್ಯರಿಗಲ್ಲ. 'ಬೆರಕೆ'ಯಂತೂ ಬೈಗುಳವೇ. 'ನೀಗ್ರೋ', 'ಕರಿಯ' ಎಂದು ನಮ್ಮ ಕಾಲದ ಪತ್ರಿಕೆಗಳು ಸಲೀಸಾಗಿ ಬರೆದವು, ನೀನು ಬರೆಯಬೇಡ. ತಂದೆ ಇಂಥವರು, ತಾಯಿ ಇಂಥವರು ಎಂದು ನೇರವಾಗಿ ಹೇಳಿದರೆ ಸಾಕು, ಅದೂ ಲೇಖನಕ್ಕೆ ಬೇಕಿದ್ದರೆ ಮಾತ್ರ.

ಹಾಗೆಂದು ಜನಾಂಗದ ಹೆಸರುಗಳನ್ನೇ ಕಿತ್ತೆಸೆಯೋಣ ಎಂಬ ನಿನ್ನ ಕೊನೆಯ ಸಾಲನ್ನೂ ನಾನು ಒಪ್ಪಲಾರೆ. ದಕ್ಷಿಣ ಆಫ್ರಿಕಾದಲ್ಲಿ 1950ರ ಕಾನೂನು ಹುಟ್ಟಿದ ಮಗುವಿಗೂ ಒಂದು ಜನಾಂಗ ಬರೆದಿಟ್ಟಿತು. ಅನುಮಾನ ಬಂದರೆ ಕೂದಲೊಳಗೆ ಪೆನ್ಸಿಲ್ ತೂರಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ. 'ಕಲರ್ಡ್' (ಮಿಶ್ರ ಮೂಲದವರು) ಎಂಬ ಪಟ್ಟಿಗೆ ಸೇರಿದ ಕ್ರಿಕೆಟಿಗ ಬೆಸಿಲ್ ಡಿ'ಒಲಿವೆರಾ ತಾಯ್ನಾಡಿಗೆ ಆಡುವಂತಿರಲಿಲ್ಲ. ಇಂಗ್ಲೆಂಡಿಗೆ ಹೋಗಿ, ಅಲ್ಲಿನ ತಂಡಕ್ಕೆ ಆಡಿ, 1968ರಲ್ಲಿ ಓವಲ್ ಮೈದಾನದಲ್ಲಿ 158 ರನ್ ಹೊಡೆದರು. ದಕ್ಷಿಣ ಆಫ್ರಿಕಾ ಪ್ರವಾಸದ ಇಂಗ್ಲೆಂಡ್ ತಂಡದಿಂದ ಮೊದಲು ಕೈಬಿಟ್ಟು ಆಮೇಲೆ ಅವರನ್ನು ಸೇರಿಸಿದಾಗ ಅಲ್ಲಿನ ಸರ್ಕಾರ ಒಪ್ಪದೆ ಪ್ರವಾಸವೇ ರದ್ದಾಯಿತು. ಆ 'ಕಲರ್ಡ್' ಪದವನ್ನು ಅಳಿಸಿಬಿಟ್ಟರೆ ಈ ಕಥೆಯನ್ನು ಹೇಗೆ ಹೇಳುತ್ತೀಯ? ಅಮೆರಿಕದಲ್ಲಿ ಅದೇ ಪದ ಅವಮಾನ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಅದು ಒಂದು ಸಮುದಾಯ ಇವತ್ತಿಗೂ ತನ್ನದೆಂದು ಹೇಳಿಕೊಳ್ಳುವ ಹೆಸರು.

ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಬಗ್ಗೆ ಬರೆಯುವೆನೆಂದಿದ್ದೀಯಲ್ಲ, ಆಗಲೂ ಇದು ನೆನಪಿರಲಿ. ತಂದೆ ಹೈಟಿಯವರು, ತಾಯಿ ಜಪಾನಿನವರು. 2019ರಲ್ಲಿ ಜಪಾನಿನ ನೂಡಲ್ಸ್ ಕಂಪನಿಯೊಂದು ಜಾಹೀರಾತಿನಲ್ಲಿ ಅವರ ಮೈಬಣ್ಣವನ್ನು ಬಿಳಿಚಿಸಿ ಚಿತ್ರ ಬರೆಸಿ, ಆಮೇಲೆ ಕ್ಷಮೆ ಕೇಳಿ ಹಿಂದೆಗೆದುಕೊಂಡಿತು. ಅರ್ಧ ಎಂದು ಬರೆಯುವ ಪೆನ್ನೂ ಅದೇ ಕೆಲಸ ಮಾಡೀತು.

ಆ ಎರಡನೇ ಪ್ಯಾರಾ ತೆಗೆದು ಹೊಸದಾಗಿ ಬರೆದು ಕಳಿಸು. ಮಹೋಮ್ಸ್ ಅವರ ತಂದೆ ಬೇಸ್‌ಬಾಲ್ ಪಿಚರ್ ಆಗಿದ್ದರು, ಮಗ ಚಿಕ್ಕವನಿದ್ದಾಗಲೇ ವೃತ್ತಿಪರರ ಮೈದಾನಗಳಿಗೆ ಕರೆದೊಯ್ಯುತ್ತಿದ್ದರು. ಆ ಎಸೆತದ ಕೈಚಳಕ ಎಲ್ಲಿಂದ ಬಂತೆಂದು ಓದುಗರಿಗೆ ಅಲ್ಲಿಂದ ಹೇಳು. ದಾಖಲೆಯ ಮಾತು ಬಂದಾಗ ಡಗ್ ವಿಲಿಯಮ್ಸ್ ಹೆಸರನ್ನು ಮರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ