ಗುಳಿಗೆಯೊಳಗಿನ ರಸಾಯನಶಾಸ್ತ್ರವನ್ನೂ ಮಕ್ಕಳಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಜಾಥಾ ಮತ್ತು ಭಾಷಣಗಳ ವರದಿಗಳು ನಮ್ಮ ಜಿಲ್ಲಾ ಪುಟಗಳಲ್ಲಿ ಬರುತ್ತವೆ. ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಗುಳಿಗೆ ಉಚಿತವಾಗಿ ಸಿಗುತ್ತದೆ, ಅದನ್ನು ದಿನ ತಪ್ಪಿಸದೆ ತೆಗೆದುಕೊಂಡವರು ಎಲ್ಲರಂತೆ ದುಡಿದು ಬಾಳಬಹುದು ಎಂಬ ತಿಳಿವಳಿಕೆಯನ್ನು ಈ ವರದಿಗಳು ಮನೆಮನೆಗೆ ಮುಟ್ಟಿಸಿವೆ. ರಾಜ್ಯದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿ ಕಂಡುಬಂದ ಜಿಲ್ಲೆಗಳ ಸಾಲಿನಲ್ಲಿ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಇದ್ದುದರಿಂದ, ಆ ತಿಳಿವಳಿಕೆಯ ಮಹತ್ವ ಎಷ್ಟೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಗುಳಿಗೆಯೊಳಗಿನ ಔಷಧವನ್ನು ಯಾರು ಮಾಡಿದರು, ಅದು ಬಡವರ ಕೈಗೆ ಬರುವಷ್ಟು ಅಗ್ಗವಾದದ್ದು ಹೇಗೆ ಎಂಬ ಸಂಗತಿ ಒಂದು ಸಾಲಿನಲ್ಲಿಯೂ ಕಾಣುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ತಾವು ಓದುತ್ತಿರುವ ವಿಷಯದ ಬಲದಿಂದಲೇ ಲಕ್ಷಾಂತರ ಜೀವಗಳನ್ನು ಉಳಿಸಿದವರು ಇದ್ದಾರೆಂಬುದು ನಮ್ಮ ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಅಂಥವರಲ್ಲಿ ಒಬ್ಬರ ಬಗ್ಗೆ ಇಲ್ಲಿ ಬರೆಯಬೇಕೆನಿಸುತ್ತದೆ. ಎ.ವಿ. ರಾಮರಾವ್ ಅವರು 1935ರಲ್ಲಿ ಆಂಧ್ರದ ಗುಂಟೂರಿನಲ್ಲಿ ಹುಟ್ಟಿ, ಅಲ್ಲಿಯೇ ಬಿ.ಎಸ್ಸಿ. ಮುಗಿಸಿ, ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಕಲಿತು, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೆ. ವೆಂಕಟರಾಮನ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಿದರು. 1970ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ, ಮುಂದೆ ನೊಬೆಲ್ ಪಡೆದ ಇ.ಜೆ. ಕೋರಿ ಅವರ ಬಳಿ ಕೆಲಸ ಮಾಡಿ, ಪುಣೆಗೆ ಮರಳಿದರು. 1985ರಿಂದ 1995ರವರೆಗೆ ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರಿಗೆ ಪದ್ಮಶ್ರೀಯೂ ಪದ್ಮಭೂಷಣವೂ ಬಂದವು. ಪ್ರಶಸ್ತಿಗಳಿಗಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು, ಗಿಡದ ಆಲ್ಕಲಾಯ್ಡ್‌ಗಳಿಂದ ಹೊರಟು ವೈರಸ್ ವಿರುದ್ಧದ ಔಷಧದವರೆಗೆ ಸಾಗಿದ ಅವರ ದುಡಿಮೆಯ ಬಗ್ಗೆ.

ಆಲ್ಕಲಾಯ್ಡ್ ಎಂದರೆ ಗಿಡಗಳು ತಯಾರಿಸುವ, ಸಾರಜನಕವನ್ನು ಒಳಗೊಂಡ, ಸಾಮಾನ್ಯವಾಗಿ ಕಹಿಯಾಗಿರುವ ಸಂಯುಕ್ತ. ಕ್ವಿನೈನ್, ಮಾರ್ಫಿನ್, ಸರ್ಪಗಂಧಿಯ ರೆಸರ್ಪಿನ್ ಎಲ್ಲವೂ ಇದೇ ಜಾತಿಯವು. ನಮ್ಮ ಮನೆಗಳ ಅಂಗಳದಲ್ಲಿ, ಗುಡಿಯ ಸುತ್ತ ಬೆಳೆಯುವ ಕಾಶಿ ಕಣಗಿಲೆ ಅಥವಾ ಸದಾಪುಷ್ಪದ ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಎಂಬ ಎರಡು ಆಲ್ಕಲಾಯ್ಡ್‌ಗಳಿವೆ. ಸಕ್ಕರೆ ಕಾಯಿಲೆಗೆ ಈ ಎಲೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿರುವಂತೆ ಜಮೈಕಾ ದ್ವೀಪದಲ್ಲಿಯೂ ಇತ್ತು. ಅದನ್ನು ಪರೀಕ್ಷಿಸಲು ಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರಿಗೆ ಸಕ್ಕರೆ ಅಂಶ ಇಳಿದದ್ದು ಕಾಣಲಿಲ್ಲ. ಪ್ರಾಣಿಗಳ ರಕ್ತದಲ್ಲಿನ ಬಿಳಿ ಕಣಗಳು ಕುಸಿದದ್ದು ಕಂಡಿತು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತ ಕ್ಯಾನ್ಸರಿಗೆ ಇದನ್ನೇ ಏಕೆ ಬಳಸಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಮುಖ್ಯ ಔಷಧವಾಗಿದೆ. ಈ ಎಲೆಯನ್ನು ಅಗಿದು ತಿನ್ನಿರಿ, ಕಷಾಯ ಮಾಡಿ ಕುಡಿಯಿರಿ ಎಂಬ ಸಲಹೆಗಳು ಆಗಾಗ ಅಚ್ಚಾಗುವುದನ್ನು ನೋಡಿದಾಗ ನನಗೆ ಭಯವಾಗುತ್ತದೆ. ಬಿಳಿ ರಕ್ತಕಣಗಳನ್ನು ಇಳಿಸುವ ವಸ್ತು ಅದರಲ್ಲಿದೆ ಎಂಬುದನ್ನು ಪತ್ರಿಕೆಗಳು ದಯವಿಟ್ಟು ನೆನಪಿಡಬೇಕು.

ಎಲೆಯಲ್ಲಿ ಔಷಧವಿದೆ ಎಂದು ತಿಳಿದ ಮಾತ್ರಕ್ಕೆ ರೋಗಿಯ ಕೈಗೆ ಅದು ಬರುವುದಿಲ್ಲ. ಒಂದು ಗ್ರಾಂ ಶುದ್ಧ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಅದೇ ಎಲೆಯಲ್ಲಿ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳಿವೆ, ಅವುಗಳಲ್ಲಿ ಹಲವು ಒಂದನ್ನೊಂದು ತೀರ ಹೋಲುತ್ತವೆ. ಆಮ್ಲದಲ್ಲಿ ಕರಗಿಸಿ, ಕ್ಷಾರ ಹಾಕಿ ಬಿಡಿಸಿ, ಪುಡಿ ತುಂಬಿದ ಉದ್ದ ಕೊಳವೆಯಲ್ಲಿ, ಅಂದರೆ ಕಾಲಂನಲ್ಲಿ, ಹನಿಹನಿಯಾಗಿ ಇಳಿಸಿ, ಬೇಕಾದ ಭಾಗವನ್ನಷ್ಟೇ ಹಿಡಿಯುವ ಈ ಕೆಲಸವನ್ನು ಕಾರ್ಖಾನೆಯ ಮಟ್ಟದಲ್ಲಿ ಮಾಡುವುದು ಬೇರೆಯದೇ ವಿದ್ಯೆ. ಪುಣೆಯ ಪ್ರಯೋಗಾಲಯದಲ್ಲಿ ರಾಮರಾವ್ ಅವರು ಇದನ್ನು ಸಾಧಿಸಿದ್ದರಿಂದ, 1980ರ ದಶಕದಲ್ಲಿ ಸಿಪ್ಲಾ ಕಂಪನಿ ಎರಡೂ ಔಷಧಗಳನ್ನು ಭಾರತದಲ್ಲಿಯೇ ತಯಾರಿಸತೊಡಗಿತು. ಅದೇ ಕಾಲದ ಸುಮಾರಿಗೆ ಫ್ರಾನ್ಸಿನಲ್ಲಿ ಪಿಯೆರ್ ಪೋತಿಯೇ ಅವರು ಇನ್ನೊಂದು ದಾರಿ ಹಿಡಿದಿದ್ದರು. ಎಲೆಯಲ್ಲಿ ಧಾರಾಳವಾಗಿ ಸಿಗುವ ಕ್ಯಾಥರಾಂಥಿನ್ ಮತ್ತು ವಿಂಡೋಲಿನ್ ಎಂಬ ಎರಡು ಚಿಕ್ಕ ಅಣುಗಳನ್ನು ಪ್ರಯೋಗಾಲಯದಲ್ಲಿ ಬೆಸೆದು ದೊಡ್ಡ ಅಣುವನ್ನು ಕಟ್ಟಿದರು, ಅದರಿಂದ ವಿನೊರೆಲ್ಬಿನ್ ಎಂಬ ಹೊಸ ಔಷಧವೇ ಹುಟ್ಟಿತು. ಆಲ್ಕಲಾಯ್ಡ್ ಸಂಶ್ಲೇಷಣೆಯ ಪಾಠ ಹೇಳುವಾಗ ಇಂಥ ಉದಾಹರಣೆ ಕೊಟ್ಟರೆ ಕೊನೆಯ ಬೆಂಚಿನ ಹುಡುಗನೂ ತಲೆ ಎತ್ತಿ ಕೇಳುತ್ತಾನೆ.

ಎಚ್‌ಐವಿ ಔಷಧದ ಕಥೆ ಇನ್ನೂ ನಮಗೆ ಹತ್ತಿರದ್ದು. ಎಜೆಡ್‌ಟಿ ಅಥವಾ ಜಿಡೊವುಡಿನ್ ಎಂಬ ಸಂಯುಕ್ತವನ್ನು 1964ರಲ್ಲಿ ಜೆರೋಮ್ ಹಾರ್ವಿಟ್ಸ್ ಕ್ಯಾನ್ಸರಿಗಾಗಿ ತಯಾರಿಸಿದ್ದರು; ಅಲ್ಲಿ ಅದು ಫಲ ಕೊಡದೆ ಬದಿಗೆ ಸರಿಯಿತು. ಎರಡು ದಶಕಗಳ ಬಳಿಕ ಅದೇ ಸಂಯುಕ್ತ ಎಚ್‌ಐವಿಯನ್ನು ತಡೆಯುತ್ತದೆಂದು ತಿಳಿದು, 1987ರಲ್ಲಿ ಏಡ್ಸ್‌ನ ಮೊದಲ ಔಷಧವಾಗಿ ಒಪ್ಪಿಗೆ ಪಡೆಯಿತು. ಇದು ನಮ್ಮ ಡಿಎನ್‌ಎಯಲ್ಲಿರುವ ಥೈಮಿಡಿನ್ ಎಂಬ ಘಟಕವನ್ನು ಪೂರ್ತಿ ಹೋಲುತ್ತದೆ, ಸಕ್ಕರೆಯ ಭಾಗದಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಕಡೆ ಅಜೈಡ್ ಗುಂಪು ಇರುವುದೊಂದೇ ವ್ಯತ್ಯಾಸ. ವೈರಸ್ಸಿನ ಕಿಣ್ವ ಮೋಸಹೋಗಿ ಇದನ್ನು ತಾನು ಕಟ್ಟುತ್ತಿರುವ ಡಿಎನ್‌ಎ ಸರಪಳಿಗೆ ಸೇರಿಸಿಕೊಳ್ಳುತ್ತದೆ. ಹಿಂದೆ ಕೊಂಡಿಯೇ ಇಲ್ಲದ ರೈಲು ಡಬ್ಬಿಗೆ ಮುಂದಿನ ಡಬ್ಬಿ ಜೋಡಿಸಲಾಗದಂತೆ, ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಆರಂಭದಲ್ಲಿ ಇದರ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ 8,000ದಿಂದ 10,000 ಡಾಲರ್ ಇತ್ತು. ಹೈದರಾಬಾದಿನಲ್ಲಿ ರಾಮರಾವ್ ಮತ್ತು ಅವರ ಸಂಗಡಿಗರು ಇದನ್ನು ಕಡಿಮೆ ವೆಚ್ಚದಲ್ಲಿ ತಯಾರಿಸುವ ವಿಧಾನ ರೂಪಿಸಿದರು, 1990ರ ದಶಕದ ಆರಂಭದಲ್ಲಿ ಅದೇ ಸಿಪ್ಲಾ ಅದನ್ನು ತಯಾರಿಸಿತು. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲೆ ಅಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಪೇಟೆಂಟ್ ಕೊಡುತ್ತಿದ್ದುದರಿಂದ ಇದು ಸಾಧ್ಯವಾಯಿತು. 2005ರಲ್ಲಿ ಆ ಕಾನೂನು ಬದಲಾಯಿತು.

ಮುಂದೆ 2001ರ ಫೆಬ್ರುವರಿಯಲ್ಲಿ ಸಿಪ್ಲಾ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, ಕೊಡುವುದಾಗಿ ಸಾರಿತು. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಗುಳಿಗೆ ತಯಾರಿಸಬಲ್ಲ ಕಾರ್ಖಾನೆಗಳೂ, ಅವನ್ನು ನಡೆಸಬಲ್ಲ ರಸಾಯನಶಾಸ್ತ್ರಜ್ಞರೂ ದೇಶದಲ್ಲಿಯೇ ಇದ್ದರು. ಈಗ ನಮ್ಮ ಕೇಂದ್ರಗಳಲ್ಲಿ ಕೊಡುವ ದಿನಕ್ಕೊಂದು ಗುಳಿಗೆಯಲ್ಲಿರುವ ಟೆನೊಫೊವಿರ್ ಎಂಬ ಔಷಧ ಪ್ರಾಗ್ ನಗರದ ಆಂಟೊನಿನ್ ಹೋಲಿ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಮೂಲ ಅಣುವಿನ ಮೇಲಿನ ವಿದ್ಯುದಂಶದಿಂದಾಗಿ ಅದು ಕರುಳಿನಿಂದ ರಕ್ತಕ್ಕೆ ಇಳಿಯುತ್ತಿರಲಿಲ್ಲ. ಆ ವಿದ್ಯುದಂಶವನ್ನು ಮರೆಮಾಚುವ ಗುಂಪುಗಳನ್ನು ಜೋಡಿಸಿ, ದೇಹದೊಳಗೆ ಹೋದ ಮೇಲೆ ಅವು ತಾವಾಗಿ ಕಳಚಿಕೊಳ್ಳುವಂತೆ ಮಾಡಿದ ಮೇಲೆಯೇ ಅದು ನುಂಗುವ ಗುಳಿಗೆಯಾಯಿತು. ಹೀಗೆ ಗುಂಪುಗಳು ನೀರಿನಿಂದ ಕಳಚುವ ಕ್ರಿಯೆಯನ್ನೇ ಎಸ್ಟರ್‌ಗಳ ಜಲವಿಚ್ಛೇದನವೆಂದು ಬಾಯಿಪಾಠ ಮಾಡಿಸುವ ಬದಲು ಇದನ್ನು ತರಗತಿಯಲ್ಲಿ ಹೇಳಬಾರದೇ?

ನಮ್ಮ ಹೆಣ್ಣುಮಕ್ಕಳಿಗಂತೂ ಈ ಕ್ಷೇತ್ರ ಪರದೇಶವಲ್ಲ. ಕಾಶಿ ಕಣಗಿಲೆ ಮತ್ತು ಸರ್ಪಗಂಧಿಯ ಆಲ್ಕಲಾಯ್ಡ್‌ಗಳ ಮೇಲೆ ಜೀವನಪೂರ್ತಿ ದುಡಿದ ಕೊಲ್ಕತ್ತಾದ ಅಸೀಮಾ ಚಟರ್ಜಿ ಅವರು 1944ರಲ್ಲಿ ಭಾರತೀಯ ವಿಶ್ವವಿದ್ಯಾಲಯವೊಂದರಿಂದ ಡಿ.ಎಸ್ಸಿ., ಅಂದರೆ ವಿಜ್ಞಾನದ ಡಾಕ್ಟರೇಟ್, ಪಡೆದ ಮೊದಲ ಮಹಿಳೆ. ಸರ್ಪಸುತ್ತು ಕಾಯಿಲೆಗೆ ಇಂದಿಗೂ ವೈದ್ಯರು ಬರೆದುಕೊಡುವ ಎಸೈಕ್ಲೊವಿರ್ ಗರ್ಟ್ರೂಡ್ ಎಲಿಯನ್ ಅವರ ತಂಡದ ಕೊಡುಗೆ. ಪಿಎಚ್.ಡಿ. ಮುಗಿಸಲಾಗದೆ, ಕೆಲಕಾಲ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಆಕೆಗೆ 1988ರಲ್ಲಿ ನೊಬೆಲ್ ಬಂತು.

ನಮ್ಮ ಭಾಗದಲ್ಲಿ ಇದಕ್ಕೆ ಬೇಕಾದ ನೆಲೆ ಇಲ್ಲವೆನ್ನುವಂತಿಲ್ಲ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ, ಪಾರಂಪರಿಕ ಔಷಧಗಳ ಅಧ್ಯಯನಕ್ಕೆಂದೇ ಇರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆಯೂ ಇವೆ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಇವೆ. ಪಶ್ಚಿಮಘಟ್ಟದಲ್ಲಿ ಬೆಳೆಯುವ, ಮರಾಠಿ ಮಾತನಾಡುವವರು ನರಕ್ಯಾ ಎನ್ನುವ ಮರದಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ಆಲ್ಕಲಾಯ್ಡ್ ಇರುವುದನ್ನು 1972ರಲ್ಲಿಯೇ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿದ್ದರು. ಅದರಿಂದ ಕ್ಯಾನ್ಸರ್ ಔಷಧಗಳನ್ನು ರೂಪಿಸಿದ್ದು ಹೊರದೇಶಗಳಲ್ಲಿ. ಘಟ್ಟದಲ್ಲಿ ನಡೆದದ್ದು ಮರಗಳ ಅತಿಯಾದ ಕಟಾವು. ನನಗೆ ಇದು ಬಹಳ ನೋವಿನ ಸಂಗತಿ.

ನಮ್ಮ ಎಂ.ಎಸ್ಸಿ. ಪದವೀಧರರು ಗೋವಾ, ಹೈದರಾಬಾದ್, ಬೆಂಗಳೂರುಗಳ ಔಷಧ ಕಾರ್ಖಾನೆಗಳಿಗೆ ಹೋಗಿ, ಹೆಚ್ಚಿನವರು ಗುಣಮಟ್ಟ ಪರೀಕ್ಷೆಯ ಯಂತ್ರದ ಮುಂದೆ ನಿಲ್ಲುತ್ತಾರೆ. ಅದು ಗೌರವದ ಕೆಲಸವೇ. ಆದರೆ ಹೊಸ ಅಣುವನ್ನು ಕಟ್ಟುವ ಸಂಶ್ಲೇಷಣಾ ವಿಭಾಗದ ಸಂದರ್ಶನದಲ್ಲಿ ಅವರು ಹಿಂದೆ ಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ಪ್ರಯೋಗದಲ್ಲಿ ಕೈ ಪಳಗಿಲ್ಲದ್ದರಿಂದ. ಹಲವು ಪದವಿ ಕಾಲೇಜುಗಳಲ್ಲಿ ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲ, ದ್ರಾವಕಕ್ಕೆ ಹಣವಿಲ್ಲ. ಲವಣ ವಿಶ್ಲೇಷಣೆಯ ಪ್ರಾಕ್ಟಿಕಲ್ ಮುಗಿದರೆ ವರ್ಷ ಮುಗಿದಂತೆ. ಪ್ರತಿ ಕಾಲೇಜಿಗೂ ಅಣುವಿನ ರಚನೆಯನ್ನು ಗುರುತಿಸುವ ಎನ್‌ಎಂಆರ್ ಯಂತ್ರ ಕೊಡಿ ಎಂದು ನಾನು ಕೇಳುತ್ತಿಲ್ಲ. ಮೂರು ಜಿಲ್ಲೆಗಳಿಗೆ ಸೇರಿ ಒಂದು ಸಾಮಾನ್ಯ ಉಪಕರಣ ಕೇಂದ್ರವನ್ನು ಬೆಳಗಾವಿಯಲ್ಲಿ ತೆರೆದು, ಕಾಲೇಜುಗಳ ಮಾದರಿಗಳನ್ನು ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಡಬೇಕು, ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿ ಒಂದು ಗಿಡದಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿ, ಅದರ ರಚನೆಯನ್ನು ತಾನೇ ಗುರುತಿಸುವಂತೆ ಪಠ್ಯ ರೂಪಿಸಬೇಕು. ಉನ್ನತ ಶಿಕ್ಷಣ ಇಲಾಖೆ ಮತ್ತು ಈ ವಿಶ್ವವಿದ್ಯಾಲಯಗಳು ಕೂಡಿ ಕುಳಿತರೆ ಇದು ದೊಡ್ಡ ಖರ್ಚಿನ ಮಾತಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಪಿಯುಸಿ ಫಲಿತಾಂಶದ ಬಳಿಕ ಬರುವ ಶಿಕ್ಷಣ ಪುರವಣಿಯಲ್ಲಿ ನೀಟ್ ಮತ್ತು ಎಂಜಿನಿಯರಿಂಗ್ ಜೊತೆಗೆ ಔಷಧ ರಸಾಯನಶಾಸ್ತ್ರಕ್ಕೂ ಒಂದು ಪುಟ ಕೊಡಿ. ಆ ಪುಟಕ್ಕೆ ಬೇಕಾದ ಲೇಖನಗಳನ್ನು ತಿಳಿಗನ್ನಡದಲ್ಲಿ ಬರೆದುಕೊಡಲು ನಾನೂ, ಈ ವಿಷಯ ಕಲಿಸಿ ನಿವೃತ್ತರಾದ ನನ್ನ ಕೆಲವು ಗೆಳೆಯರೂ ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ