ಡಿಫಾಲ್ಟ್ ಶೆಲ್ ಬದಲಾದರೂ ಸ್ಕ್ರಿಪ್ಟ್ ಬದಲಾಗದು

ಮಾನ್ಯ ಸಂಪಾದಕರೇ,

ಮ್ಯಾಕ್ ಕಂಪ್ಯೂಟರ್‌ಗಳ ಹಳೆಯ ಬ್ಯಾಶ್ ಶೆಲ್ (ಟೈಪಿಸಿದ ಕಮಾಂಡ್‌ಗಳನ್ನು ಓದಿ ನಡೆಸುವ ತಂತ್ರಾಂಶ) ಬದಲು ಹೊಸ ಆವೃತ್ತಿಯನ್ನು ಡಿಫಾಲ್ಟ್ ಆಗಿಸಿಕೊಳ್ಳುವ ಬಗೆಯನ್ನು ವಿವರಿಸಿದ ತಮ್ಮ ತಂತ್ರಜ್ಞಾನ ಪುಟದ ಲೇಖನ ಉಪಯುಕ್ತವಾಗಿತ್ತು. ಆದರೆ ಹಾಗೆ ಮಾಡಿದೊಡನೆ ಕಂಪ್ಯೂಟರಿನಲ್ಲಿರುವ ಸ್ಕ್ರಿಪ್ಟ್‌ಗಳೆಲ್ಲ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತಗಳು) ಹೊಸ ಶೆಲ್‌ನಲ್ಲೇ ನಡೆಯುತ್ತವೆ ಎಂಬ ಅರ್ಥ ಬರುವಂತೆ ಅದರ ಕೊನೆಯ ಭಾಗವಿದೆ. ಅದು ಸರಿಯಲ್ಲವಾದ್ದರಿಂದ ಈ ಪತ್ರ.

ಮ್ಯಾಕ್‌ನಲ್ಲಿ ಬ್ಯಾಶ್ ಡಿಫಾಲ್ಟ್ ಆದದ್ದು 2003ರ ಪ್ಯಾಂಥರ್ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಆ ಸ್ಥಾನದಲ್ಲಿ ಟಿಸಿಎಸ್‌ಎಚ್ ಎಂಬ ಶೆಲ್ ಇತ್ತು. ಬ್ಯಾಶ್ 3.2 ಹೊರಬಂದದ್ದು 2006ರಲ್ಲಿ, ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೇ ಆವೃತ್ತಿಯಡಿ. 2009ರ ಬ್ಯಾಶ್ 4.0 ಆ ಪರವಾನಗಿಯ ಮೂರನೇ ಆವೃತ್ತಿಗೆ ಹೊರಳಿತು, ಆ್ಯಪಲ್ ಮಾತ್ರ 3.2ರಲ್ಲೇ ನಿಂತಿತು. ಪರವಾನಗಿಯೇ ಇದಕ್ಕೆ ಕಾರಣವೆಂದು ಬಹುತೇಕರು ಭಾವಿಸುತ್ತಾರೆ. 2014ರಲ್ಲಿ ಪತ್ತೆಯಾದ ಶೆಲ್‌ಶಾಕ್ ಎಂಬ ಬ್ಯಾಶ್ ಭದ್ರತಾ ದೋಷಕ್ಕೆ ಹಳೆಯ ಸರಣಿಗೂ ತಿದ್ದುಪಡಿ ಬಂದುದರಿಂದ ಅದನ್ನು ಪೂರ್ತಿ ಕೈಬಿಟ್ಟಿದ್ದಾರೆ ಎನ್ನಲಾಗದು, ಆದರೆ ಹೊಸ ಸೌಲಭ್ಯ ಒಂದೂ ಸೇರಲಿಲ್ಲ. 2019ರ ಕ್ಯಾಟಲಿನಾ ಆವೃತ್ತಿಯಿಂದ ಹೊಸ ಖಾತೆಗಳಿಗೆ ಝಡ್‌ಶೆಲ್ ಎಂಬ ಬೇರೊಂದು ಶೆಲ್ ಡಿಫಾಲ್ಟ್ ಆಯಿತು. ಹಳೆಯ ಖಾತೆಗಳನ್ನು ಬಲವಂತವಾಗಿ ಬದಲಿಸದೆ, ಟರ್ಮಿನಲ್ ತೆರೆದಾಗ ಒಂದು ಸೂಚನೆ ಮಾತ್ರ ಕಾಣುವಂತೆ ಮಾಡಿದ್ದು ವಿವೇಕದ ನಡೆ ಎಂದೇ ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯ. ಡಿಫಾಲ್ಟ್ ಶೆಲ್ ಬದಲಿಸಲು ಬಳಸುವ ಸಿಎಚ್‌ಎಸ್‌ಎಚ್ (chsh) ಕಮಾಂಡ್ ಬದಲಿಸುವುದು ಬಳಕೆದಾರರ ಖಾತೆಯ ವಿವರಗಳಲ್ಲಿರುವ ಒಂದೇ ಒಂದು ಅಂಶವನ್ನು: ಲಾಗಿನ್ ಆದಾಗ ಯಾವ ಶೆಲ್ ತೆರೆಯಬೇಕು ಎಂಬುದನ್ನು. ಸ್ಕ್ರಿಪ್ಟ್ ಒಂದು ಯಾವ ಶೆಲ್‌ನಲ್ಲಿ ನಡೆಯಬೇಕೆಂಬುದನ್ನು ತೀರ್ಮಾನಿಸುವುದು ಆ ಕಡತದ ಮೊದಲ ಸಾಲು. ಅಲ್ಲಿ ಬಿನ್ ಡೈರೆಕ್ಟರಿಯ ಬ್ಯಾಶ್ (/bin/bash) ಎಂದು ಬರೆದಿದ್ದರೆ, ಖಾತೆಯ ಶೆಲ್ ಯಾವುದೇ ಇರಲಿ, ನಡೆಯುವುದು ಹಳೆಯ 3.2. ಬ್ಯಾಶ್ 4ರಲ್ಲಿ ಬಂದ ಅಸೋಸಿಯೇಟಿವ್ ಅರೇ (ಹೆಸರಿನಿಂದ ಮೌಲ್ಯ ಹುಡುಕುವ ಪಟ್ಟಿ), ಮ್ಯಾಪ್‌ಫೈಲ್ (ಸಾಲುಗಳನ್ನು ಓದಿ ಪಟ್ಟಿಗೆ ತುಂಬುವ ಕಮಾಂಡ್) ಮುಂತಾದವನ್ನು ಟರ್ಮಿನಲ್‌ನಲ್ಲಿ ಟೈಪಿಸಿ ನೋಡಿ, ಸರಿಯಾಗಿವೆಯೆಂದು ನಂಬಿ ಸ್ಕ್ರಿಪ್ಟ್‌ಗೆ ಸೇರಿಸಿದವರಿಗೆ ಎದುರಾಗುವ ಗೊಂದಲದ ಮೂಲ ಇದೇ. ಮೊದಲ ಸಾಲಿನಲ್ಲಿ ಎನ್ವ್ (env) ಕಮಾಂಡ್ ಮೂಲಕ ಬ್ಯಾಶ್ ಅನ್ನು ಕರೆದರೆ ಪಾತ್‌ನಲ್ಲಿ (ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಲ್ಲಿ) ಮೊದಲು ಸಿಗುವ ಬ್ಯಾಶ್ ಬಳಕೆಯಾಗುತ್ತದೆ. ಇದು ಒಳ್ಳೆಯ ಅಭ್ಯಾಸ. ಹಾಗಿದ್ದೂ ನಿಗದಿತ ವೇಳೆಗೆ ಸ್ಕ್ರಿಪ್ಟ್‌ಗಳನ್ನು ತಾನಾಗಿ ಓಡಿಸುವ ಕ್ರಾನ್ ನಡೆಸುವ ಕೆಲಸಗಳಲ್ಲಿ ಪಾತ್ ಬಹಳ ಮೊಟಕಾಗಿರುತ್ತದೆ, ತಂತ್ರಾಂಶ ಅಳವಡಿಸುವ ಸಾಧನವಾದ ಹೋಮ್‌ಬ್ರೂ ತನ್ನ ಬ್ಯಾಶ್ ಇಡುವ ಡೈರೆಕ್ಟರಿ ಅದರಲ್ಲಿ ಇರುವುದೇ ಇಲ್ಲ. ಹಗಲು ಕೈಯಾರೆ ನಡೆಸಿದಾಗ ಸರಿಯಿದ್ದ ಸ್ಕ್ರಿಪ್ಟ್ ರಾತ್ರಿ ತಾನಾಗಿ ಓಡುವಾಗ ಮುಗ್ಗರಿಸುವುದು ಹೀಗೆ.

ಝಡ್‌ಶೆಲ್‌ಗೆ ಹೋಗುವವರಿಗೂ ಒಂದು ಮಾತು. ಅದರಲ್ಲಿ ಅರೇ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಆರಂಭವಾಗುತ್ತದೆ; ಉದ್ಧರಣ ಚಿಹ್ನೆಯಿಲ್ಲದ ವೇರಿಯಬಲ್ ಖಾಲಿ ಜಾಗಗಳಲ್ಲಿ ತುಂಡಾಗುವುದಿಲ್ಲ; ನಕ್ಷತ್ರ ಅಥವಾ ಪ್ರಶ್ನಾರ್ಥಕ ಚಿಹ್ನೆಗೆ ಹೊಂದುವ ಕಡತ ಸಿಗದಿದ್ದರೆ ಬ್ಯಾಶ್‌ನಂತೆ ಸುಮ್ಮನೆ ಮುಂದೆ ಸಾಗದೆ ದೋಷ ತೋರಿಸಿ ನಿಲ್ಲುತ್ತದೆ. ಪ್ರಶ್ನಾರ್ಥಕ ಚಿಹ್ನೆಯಿರುವ ವೆಬ್ ವಿಳಾಸವನ್ನು ಹಾಗೇ ಅಂಟಿಸಿದವರು ಇದನ್ನು ಬೇಗನೆ ಕಂಡುಕೊಳ್ಳುತ್ತಾರೆ.

ಲೇಖನದಲ್ಲಿ ಸುರಕ್ಷತೆಯ ಬಗ್ಗೆಯೂ ನಾಲ್ಕು ಸಾಲು ಇರಬೇಕಿತ್ತು. ಹೊಸ ಶೆಲ್‌ನ ಪೂರ್ಣ ವಿಳಾಸವನ್ನು ಇಟಿಸಿ ಡೈರೆಕ್ಟರಿಯ ಶೆಲ್ಸ್ ಎಂಬ ಕಡತದಲ್ಲಿ (/etc/shells) ಸೇರಿಸದಿದ್ದರೆ ಸಿಎಚ್‌ಎಸ್‌ಎಚ್ ಅದನ್ನು ಒಪ್ಪುವುದಿಲ್ಲ. ಬದಲಿಸಿದ ಮೇಲೆ ಹಳೆಯ ಟರ್ಮಿನಲ್ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಹೊಸ ಶೆಲ್ ತೆರೆದುಕೊಳ್ಳುವುದನ್ನು ಖಚಿತಪಡಿಸಿಕೊಳ್ಳಬೇಕು. ಮುಂದೆಂದಾದರೂ ಆ ಹೊಸ ಶೆಲ್ ಅನ್ನು ಅಳಿಸುವುದಾದರೆ ಮೊದಲು ಖಾತೆಯನ್ನು ಹಳೆಯ ಶೆಲ್‌ಗೆ ಹಿಂದಿರುಗಿಸಬೇಕು, ಇಲ್ಲವಾದರೆ ಟರ್ಮಿನಲ್ಲೇ ತೆರೆಯದ ಸ್ಥಿತಿ ಬರುತ್ತದೆ. ದೂರದ ಸರ್ವರ್‌ನಲ್ಲಿ ಪೂರ್ಣ ಅಧಿಕಾರವಿರುವ ರೂಟ್ ಖಾತೆಗೆ ಹೀಗಾದರೆ ಆಗುವ ಪಾಡು ಹೇಳಬೇಕಿಲ್ಲ. ರೂಟ್ ಖಾತೆಯ ಶೆಲ್ ಅನ್ನು ಮುಟ್ಟದಿರುವುದೇ ಲೇಸು.

ವ್ಯವಸ್ಥೆಯ ಮೂಲ ಬ್ಯಾಶ್ ಕಡತವನ್ನೇ ಅಳಿಸಿ ಹೊಸದನ್ನು ಅಲ್ಲಿಡುವ ಸಲಹೆಯನ್ನು ಕೆಲವರು ಕೊಡುವುದುಂಟು. ಮ್ಯಾಕ್‌ನ ಭದ್ರತಾ ವ್ಯವಸ್ಥೆ ಅದಕ್ಕೆ ಅಡ್ಡ ಬರುತ್ತದೆ, ಬರಲೇಬೇಕು. ವ್ಯವಸ್ಥೆಯ ಶೆಲ್ ಬದಲಿಸುವುದು ಎಷ್ಟು ಸೂಕ್ಷ್ಮವೆಂಬುದಕ್ಕೆ ಲಿನಕ್ಸ್ ವ್ಯವಸ್ಥೆಯಾದ ಉಬುಂಟುವಿನ ನಿದರ್ಶನವಿದೆ. 2006ರ 6.10 ಆವೃತ್ತಿಯಲ್ಲಿ, ಮುಖ್ಯವಾಗಿ ವೇಗಕ್ಕಾಗಿ, ಬಿನ್ ಡೈರೆಕ್ಟರಿಯ ಎಸ್‌ಎಚ್ (/bin/sh) ಅನ್ನು ಬ್ಯಾಶ್‌ನಿಂದ ಡ್ಯಾಶ್ ಎಂಬ ಶೆಲ್‌ಗೆ ಬದಲಿಸಿದಾಗ, ಮೊದಲ ಸಾಲಿನಲ್ಲಿ ಎಸ್‌ಎಚ್ ಎಂದು ಬರೆದು ಒಳಗೆ ಬ್ಯಾಶ್‌ಗೆ ಮಾತ್ರ ತಿಳಿಯುವ ವ್ಯಾಕರಣ ಬಳಸಿದ್ದ ಸ್ಕ್ರಿಪ್ಟ್‌ಗಳು ಕೆಟ್ಟವು. ತಪ್ಪು ಸ್ಕ್ರಿಪ್ಟ್‌ಗಳದ್ದೇ ಆದರೂ ತೊಂದರೆ ಅನುಭವಿಸಿದವರು ಬಳಕೆದಾರರು.

ಲೇಖನವನ್ನು ಕತ್ತರಿಸಿಟ್ಟುಕೊಂಡು ಅದರಂತೆ ನಡೆಯುವ ಓದುಗರಿರುತ್ತಾರೆ. ಆದ್ದರಿಂದ ಲಾಗಿನ್ ಶೆಲ್‌ಗೂ ಸ್ಕ್ರಿಪ್ಟ್‌ನ ಮೊದಲ ಸಾಲಿಗೂ ಇರುವ ವ್ಯತ್ಯಾಸವನ್ನು ತಿಳಿಸುವ ಸ್ಪಷ್ಟೀಕರಣವೊಂದನ್ನು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ